ಹಡಗಿನ ಮೂತಿಗೆ ಕುಂಕುಮ

ನಮ್ಮ ಊಟದ ಮೇಜಿನ ಅರ್ಧ ಭಾಗ ಇಟಲಿಯ ನೌಕಾಪಡೆಗೆ ಸೇರಿದ್ದು. ಇನ್ನರ್ಧದಲ್ಲಿ ನಾವಿಬ್ಬರೂ ಊಟ ಮಾಡಬೇಕು, ನಾನು ತರಕಾರಿ ಹೆಚ್ಚಬೇಕು, ಆಫೀಸಿನ ಲ್ಯಾಪ್‌ಟಾಪ್ ಇಟ್ಟುಕೊಳ್ಳಬೇಕು, ಯಾರಾದರೂ ಬಂದರೆ ಕಾಫಿ ಕೊಡಬೇಕು. ಯೋಕೋಹಾಮಾದ ಅಪಾರ್ಟ್‌ಮೆಂಟು ಎಂದರೆ ಎಷ್ಟು ಜಾಗ ಎನ್ನುವುದು ಅಲ್ಲಿ ಸಂಸಾರ ಮಾಡಿದವರಿಗೆ ಗೊತ್ತು. ಬೀರುವಿನ ಬಾಗಿಲು ತೆಗೆಯಬೇಕಾದರೆ ಕುರ್ಚಿಯಲ್ಲಿ ಕೂತವರು ಏಳಬೇಕು. ಅಂಥ ಮನೆಯಲ್ಲಿ ನಮ್ಮವರು ಯುದ್ಧನೌಕೆ ಕಟ್ಟಲು ಕೂತರು.

ನಮ್ಮವರು ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧಕರು. ಮೈಸೂರಿನಿಂದ ಪಿಎಚ್‌ಡಿಗೆಂದು ಬಂದವರು ಇಲ್ಲೇ ಉಳಿದುಬಿಟ್ಟರು. ಉದ್ದನೆಯ ನೀರಿನ ತೊಟ್ಟಿಯಲ್ಲಿ ಮಾದರಿ ಹಡಗುಗಳನ್ನು ಎಳೆದು, ಯಂತ್ರದಿಂದ ಅಲೆ ಎಬ್ಬಿಸಿ, ಯಾವ ಹಡಗು ಎಷ್ಟು ಹೊಯ್ದಾಡುತ್ತದೆ ಎಂದು ನೋಡುವುದು ಅವರ ಕೆಲಸ. ನಾನು ಶಿನಾಗಾವಾದ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಟೆಸ್ಟಿಂಗ್ ಮಾಡುತ್ತೇನೆ. ಎಂದರೆ ಬೇರೆಯವರ ತಪ್ಪು ಹುಡುಕುವುದಕ್ಕೆ ಸಂಬಳ ತೆಗೆದುಕೊಳ್ಳುವವಳು. ಅದೇ ಕೆಲಸವನ್ನು ಮನೆಯಲ್ಲಿ ಪುಕ್ಕಟೆ ಮಾಡುತ್ತೇನೆ ಎನ್ನುವುದು ನಮ್ಮವರ ದೂರು.

"ಇಡೀ ದಿನ ಹಡಗು ನೋಡ್ಕೊಂಡು ಬಂದು ಮನೇಲೂ ಹಡಗೇ ಏನ್ರೀ?" ಎಂದು ನಾನು ಮೊದಮೊದಲು ಕೇಳಿದ್ದುಂಟು.

"ಅದು ಕೆಲಸ ಕಣೇ. ಇದು ಬೇರೆ."

"ಏನು ಬೇರೆ? ಅದಕ್ಕೆ ದುಡ್ಡು ಕೊಡ್ತಾರೆ, ಇದಕ್ಕೆ ನಾವು ಕೊಡ್ತೀವಿ. ಅಷ್ಟೇ ತಾನೆ?"

ಅವರು ನಕ್ಕು ಸುಮ್ಮನಾಗುತ್ತಿದ್ದರು. ಹಾಗೆ ನಕ್ಕು ಸುಮ್ಮನಾಗುವುದು ಅವರ ಸ್ವಭಾವ, ರೇಗಿ ಮಾತಾಡುವುದು ನನ್ನದು. ಹೀಗೇ ಇಪ್ಪತ್ತು ವರ್ಷಕ್ಕೂ ಮೇಲಾಯಿತು.

ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಮಾದರಿ ಹಡಗು ಕಟ್ಟುವವರದೊಂದು ಕ್ಲಬ್ಬಿದೆ. ಹೆಚ್ಚಿನವರು ರಿಟೈರ್ ಆದ ಜಪಾನಿ ಗಂಡಸರು. ಅದರ ಅಧ್ಯಕ್ಷರನ್ನು ಎಲ್ಲರೂ ಕಾಯ್‌ಚೋ ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಎಪ್ಪತ್ತೈದು ದಾಟಿರಬೇಕು, ಬೆನ್ನು ಮಾತ್ರ ಸ್ಕೇಲಿಟ್ಟು ಗೆರೆ ಎಳೆದಷ್ಟು ನೇರ. ಕ್ಲಬ್ಬಿನವರೆಲ್ಲ ದೊಡ್ಡ ದೊಡ್ಡ ಫಿರಂಗಿಗಳ ಜಪಾನಿ ಯುದ್ಧನೌಕೆಗಳನ್ನೇ ಕಟ್ಟುತ್ತಿದ್ದರೆ ನಮ್ಮವರು ಹಿಡಿದದ್ದು ನೂರು ವರ್ಷಕ್ಕೂ ಹಿಂದಿನ, ಯಾರೂ ಕೇಳದ, ಇಟಲಿಯ ಮೊದಮೊದಲ ಡೆಸ್ಟ್ರಾಯರ್‌ಗಳನ್ನು. ಅಂಗಡಿಯಲ್ಲಿ ಅದರ ಕಿಟ್ ಕೂಡ ಸಿಗುವುದಿಲ್ಲ. ಹಳೆಯ ನಕ್ಷೆಗಳನ್ನು ಎಲ್ಲಿಂದಲೋ ತರಿಸಿ, ಹಿತ್ತಾಳೆ ತಗಡು ಮತ್ತು ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಒಂದೊಂದನ್ನೂ ಕೈಯಲ್ಲೇ ಮಾಡಬೇಕು.

"ಮೈಸೂರಿನೋರಿಗೂ ಇಟಲಿ ಡೆಸ್ಟ್ರಾಯರಿಗೂ ಎಲ್ಲಿಂದ ಎಲ್ಲಿಗೆ ಸಂಬಂಧ ರೀ?" ಎಂದರೆ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು ಪಾಠ ಶುರು. ಹಡಗು ಒಂದು ಮೊಳ ಉದ್ದ, ಎರಡು ಬೆರಳು ಅಗಲ. ಅದನ್ನು ಅಂಗೈ ಮೇಲೆ ಮಲಗಿಸಿಕೊಂಡು ಹೇಳುವರು: "ನೋಡು, ಎಷ್ಟು ಸಣ್ಣ ಸೊಂಟ. ಸ್ಪೀಡ್ ಒಂದೇ ಇದರ ಧ್ಯಾನ. ಶತ್ರುವಿನ ದೊಡ್ಡ ಹಡಗಿನ ಹತ್ತಿರ ನುಗ್ಗಬೇಕು, ಟಾರ್ಪೆಡೊ ಬಿಡಬೇಕು, ವಾಪಸ್ ಓಡಿ ಬರಬೇಕು. ಅದಕ್ಕೇ ತಗಡು ತೆಳ್ಳಗೆ, ಮೈ ತಗ್ಗು. ಮುಂದಿನ ಡೆಕ್ ನೋಡು, ಆಮೆ ಬೆನ್ನಿನ ಥರ ದುಂಡಗಿದೆಯಲ್ಲ? ನೀರು ಜಾರಿ ಹೋಗ್ಲಿ ಅಂತ ಹಾಗೆ ಮಾಡಿದ್ರು."

"ಹೋಯ್ತಾ ಜಾರಿ?"

"ಎಲ್ಲಿ ಹೋಗುತ್ತೆ? ಅಲೆ ಬಂದ್ರೆ ಮೂತಿ ಒಳಗೆ ತೂರ್ಕೊಳ್ತಿತ್ತು. ನೀರೆಲ್ಲ ಮೇಲೆದ್ದು, ಹಿಂದೆ ನಿಂತಿದ್ದ ಕ್ಯಾಪ್ಟನ್ ಮುಖಕ್ಕೇ ರಾಚ್ತಿತ್ತು. ಅವನಿಗೆ ಗೋಡೆಯೂ ಇಲ್ಲ, ಸೂರೂ ಇಲ್ಲ, ಸುತ್ತ ಬರೀ ಕ್ಯಾನ್ವಾಸ್ ಬಟ್ಟೆ. ಕೆಳಗೆ ಕಲ್ಲಿದ್ದಲು ತುಂಬೋರಿಗೆ ಬೆಂಕಿ, ಮೇಲಿದ್ದೋರಿಗೆ ತಣ್ಣೀರು."

"ಕೆಳಗಿದ್ದೋರ ಕಷ್ಟ ನಂಗೆ ಚೆನ್ನಾಗಿ ಗೊತ್ತು ಬಿಡಿ. ಆಗಸ್ಟಿನಲ್ಲಿ ಈ ಅಡುಗೆಮನೇಲಿ ಒಂದು ಸಲ ಚಪಾತಿ ಮಾಡಿ ನೋಡಿ," ಎಂದೆ ನಾನು.

ಅವರ ಪ್ರಕಾರ ಇಟಲಿಯವರು ಕಟ್ಟಿದ ಮೊಟ್ಟಮೊದಲನೆಯದು ಹೇಳಿಕೊಂಡಷ್ಟು ಓಡಲೇ ಇಲ್ಲ. ಆಮೇಲೆ ಜರ್ಮನಿಯಲ್ಲಿ ಕಟ್ಟಿಸಿದರು. ಅದೂ ಸಾಲದೆ ಇಂಗ್ಲೆಂಡಿನದೊಂದು ವಿನ್ಯಾಸ ತಂದು ನೇಪಲ್ಸಿನಲ್ಲಿ ಕಟ್ಟಿದರು. ಜಪಾನಿನವರೂ ತಮ್ಮ ಮೊದಮೊದಲ ಡೆಸ್ಟ್ರಾಯರ್‌ಗಳಲ್ಲಿ ಕೆಲವನ್ನು ಅದೇ ಇಂಗ್ಲಿಷ್ ಹಡಗುಕಟ್ಟೆಯಿಂದ ತರಿಸಿದ್ದರಂತೆ. ಒಂದು ಭಾನುವಾರ ಬಂದರಿನ ದಂಡೆಯಲ್ಲಿ ನಡೆಯುತ್ತ ಇದನ್ನವರು ಬಹಳ ಉತ್ಸಾಹದಿಂದ ಹೇಳಿದಾಗ, "ಹಾಗಾದ್ರೆ ಇವೂ ಅವೂ ದಾಯಾದಿಗಳು ಅನ್ನಿ," ಎಂದೆ. ಅದು ಅವರಿಗೆ ಎಷ್ಟು ಹಿಡಿಸಿತೆಂದರೆ ಕ್ಲಬ್ಬಿನಲ್ಲಿ ಜಪಾನಿ ಭಾಷೆಯಲ್ಲಿ ತಾವೇ ಹೇಳಿದ ಹಾಗೆ ಹೇಳಿಬಂದರು.

ನನಗೆ ಆ ಹಡಗುಗಳ ಮೇಲೆ ಪ್ರೀತಿ ಹುಟ್ಟಿದ್ದು ಮಾತ್ರ ಅವುಗಳ ಮುಂದಿನ ಕಥೆ ಕೇಳಿದ ಮೇಲೆ. ನುಗ್ಗಿ ಹೊಡೆಯಲೆಂದು ಹುಟ್ಟಿದವು, ಪಾಪ, ಆಯಸ್ಸಿನ ಹೆಚ್ಚು ಭಾಗ ಸರಕು ಹಡಗುಗಳ ಪಕ್ಕದಲ್ಲಿ ಕಾವಲು ಹೋಗುತ್ತ, ಸಮುದ್ರದಲ್ಲಿ ಸಿಡಿಯುವ ಮೈನು ಹಾಕುತ್ತ ಕಳೆದವು. ಕಲ್ಲಿದ್ದಲು ತೆಗೆದು ಎಣ್ಣೆ ಹಾಕಿದರು. ಎರಡಿದ್ದ ಹೊಗೆಕೊಳವೆ ಮೂರಾಯಿತು. ಹೊಸ ಹಡಗುಗಳು ಬಂದ ಮೇಲೆ ಇವನ್ನು ಡೆಸ್ಟ್ರಾಯರ್ ಪಟ್ಟದಿಂದ ಇಳಿಸಿ ಟಾರ್ಪೆಡೊ ದೋಣಿ ಎಂದು ಕರೆದರು. ಆದರೂ ಸಮುದ್ರಕ್ಕೆ ಹೋಗುವುದು ನಿಲ್ಲಲಿಲ್ಲ. "ಅಯ್ಯೋ, ದುಡಿದು ದುಡಿದು ಸವೆದ ಜೀವಗಳು ರೀ," ಎಂದು ನಾನು ಹೇಳಿದಾಗ ನಮ್ಮವರು ಆ ಹಡಗನ್ನು ಒಂದು ಥರ ನೋಡಿದರು.

ಕ್ಲಬ್ಬಿನಲ್ಲಿ ಒಂದು ಪದ್ಧತಿ ಇದೆ. ಪ್ರತಿ ವರ್ಷ ನವೆಂಬರಿನಲ್ಲಿ ಪ್ರದರ್ಶನ ಮಾಡುತ್ತಾರೆ. ಯಾರಾದರೂ ಸದಸ್ಯರು ತೀರಿಕೊಂಡಿದ್ದರೆ, ಅವರು ಅರ್ಧಕ್ಕೆ ಬಿಟ್ಟುಹೋದ ಹಡಗನ್ನು ಉಳಿದವರು ಹಂಚಿಕೊಂಡು ಕಟ್ಟಿ ಮುಗಿಸಿ, ಬಾಗಿಲಿನ ಪಕ್ಕದ ಚಿಕ್ಕ ಮೇಜಿನ ಮೇಲೆ ಇಡುತ್ತಾರೆ. ಪಕ್ಕದಲ್ಲಿ ಬಿಳಿ ಹೂವಿನದೊಂದು ಹೂದಾನಿ. ಬಂದವರೆಲ್ಲ ಅದರ ಮುಂದೆ ನಿಂತು ತಲೆ ಬಾಗಿಸಿ ಒಳಗೆ ಹೋಗುತ್ತಾರೆ. ಮೊದಲ ಸಲ ಅದನ್ನು ನೋಡಿದಾಗ ಎಷ್ಟು ಒಳ್ಳೆಯ ಜನ ಎನ್ನಿಸಿತ್ತು.

ಈ ವರ್ಷ ಯುಗಾದಿ ಕಳೆದ ವಾರದಲ್ಲಿ ನಮ್ಮವರಿಗೆ ಸ್ಟ್ರೋಕ್ ಆಯಿತು. ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದರು. ಚಮಚ ಹಿಡಿದ ಬಲಗೈ ಮೇಲೇಳಲೇ ಇಲ್ಲ. ಅದನ್ನೇ ನೋಡುತ್ತ, "ಇದ್ಯಾಕೆ ಹೀಗ್ ಮಾಡ್ತಿದೆ?" ಎಂದರು. ಮಾತು ತೊದಲಿತು. ಆಂಬುಲೆನ್ಸಿಗೆ ಫೋನ್ ಮಾಡಿದಾಗ ಇಷ್ಟು ವರ್ಷ ಆಡಿದ ಜಪಾನಿ ಭಾಷೆ ಒಂದಕ್ಷರವೂ ನೆನಪಾಗದೆ ನಾನು ಕನ್ನಡದಲ್ಲಿ ಕಿರುಚಿದೆನಂತೆ. ಪುಣ್ಯಕ್ಕೆ ಬೇಗ ಬಂದರು.

ಮಳೆಗಾಲ ಶುರುವಾಗುವ ಹೊತ್ತಿಗೆ ಮನೆಗೆ ಬಂದರು. ಮಾತು ಸರಿಹೋಗಿತ್ತು, ಸ್ವಲ್ಪ ನಿಧಾನ ಅಷ್ಟೆ. ಕಾಲೂ ಪರವಾಗಿಲ್ಲ. ಬಲಗೈ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಸೇರುತ್ತಿರಲಿಲ್ಲ. ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ ಚಾಪ್‌ಸ್ಟಿಕ್ ಕೊಟ್ಟು ಒಂದು ಬಟ್ಟಲಿನ ಸೋಯಾ ಕಾಳನ್ನು ಇನ್ನೊಂದಕ್ಕೆ ಹಾಕಿಸುತ್ತಿದ್ದರು. ನಮ್ಮವರು ಸ್ಕೂಲು ಹುಡುಗರ ಹಾಗೆ ತಲೆ ತಗ್ಗಿಸಿ ಮಾಡುವರು. ಕಾಳು ಜಾರಿ ಬಿದ್ದರೆ "ಸುಮಿಮಾಸೆನ್" ಎನ್ನುವರು. ಕಾಳಿಗೆ ಕ್ಷಮೆ ಕೇಳುತ್ತಾರೋ ಅಲ್ಲಿದ್ದ ಹುಡುಗಿಗೋ ಗೊತ್ತಾಗುತ್ತಿರಲಿಲ್ಲ. ಆ ವ್ಯಾಯಾಮದ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟು: "ಇಲ್ಲಿ ಮಾಡೋದು ಸಾಲದು. ಮನೆಯಲ್ಲಿ ಅವರಿಗೆ ಇಷ್ಟವಾದ ಕೆಲಸ ಮಾಡಿಸಿ. ಬಳಸದೇ ಬಿಟ್ಟರೆ ಕೈ ಮರೆತುಬಿಡುತ್ತದೆ."

ಇಷ್ಟವಾದ ಕೆಲಸ ಮೇಜಿನ ಮೇಲೇ ಇತ್ತು. ಹಡಗಿನ ಮೈಗೆಲ್ಲ ಹೊಳಪಿಲ್ಲದ ಬೂದುಬಣ್ಣ ಹೊಡೆದು ಮುಗಿದಿತ್ತು. ಎರಡು ಹೊಗೆಕೊಳವೆ ನಿಂತಿದ್ದವು. ಕೂವೆಮರ, ಕಂಬಿಗಳು, ಎರಡು ಚಿಕ್ಕ ದೋಣಿಗಳು ಬಾಕಿ. ಆದರೆ ಮನೆಗೆ ಬಂದ ದಿನವೇ ಅವರು ನನ್ನ ಹಳೆಯ ಕಾಟನ್ ದುಪಟ್ಟಾ ಎಳೆದುಕೊಂಡು ಹಡಗಿನ ಮೇಲೆ ಹೊದಿಸಿದರು.

"ಯಾಕ್ರೀ ಮುಚ್ತೀರಿ?"

"ಧೂಳು ಬೀಳತ್ತೆ. ನನಗಂತೂ ಆಗಲ್ಲ."

ಮೇಜಿನ ಮೇಲೆ ಬಟ್ಟೆ ಹೊದಿಸಿ ಮಲಗಿಸಿದ ಆ ಆಕಾರ ನೋಡಿ ನನಗೆ ಹೇಗಾಗಿರಬೇಡ! ನಾನು ತೆಗೆಯುವುದು, ಅವರು ಹೊದಿಸುವುದು. "ಆ ಹುಡುಗಿ ಏನಂದ್ಲು ಗೊತ್ತಲ್ಲ? ಒಂದು ಕಂಬಿ ನಿಲ್ಲಿಸಿ ನೋಡಿ," ಎಂದರೆ "ಆಗಲ್ಲ ಕಣೇ". "ಎಡಗೈಲಿ ಮಾಡಿ" ಎಂದರೆ "ಆಗಲ್ಲ". ಕಾಳು ಎತ್ತಿ ಹಾಕಲು ತಯಾರಿದ್ದ ಮನುಷ್ಯ ಹಡಗಿನ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ. ಕೆಟ್ಟದಾಗಿ ಮಾಡುವುದಕ್ಕಿಂತ ಮಾಡದೇ ಇರುವುದು ಮೇಲು ಎಂದು ತೀರ್ಮಾನಿಸಿಬಿಟ್ಟಿದ್ದರು. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ರೈಲು ಹೋಗುವುದನ್ನು ನೋಡುತ್ತ ಕೂರುವರು. ನಾನು ಆಫೀಸಿನಿಂದ ಬಂದಾಗಲೂ ಅದೇ ಕುರ್ಚಿ, ಅದೇ ರೈಲು.

ಸೆಪ್ಟೆಂಬರಿನ ಒಂದು ಸಂಜೆ ನಾನು ಮನೆಗೆ ಬಂದಾಗ ಫೋನಿನಲ್ಲಿ ಕಾಯ್‌ಚೋ ಜೊತೆ ಮಾತಾಡುತ್ತಿದ್ದರು. ಫೋನಿಟ್ಟ ಮೇಲೆ ನನ್ನ ಮುಖ ನೋಡದೆ ಹೇಳಿದರು: "ಹಡಗನ್ನ ಕ್ಲಬ್ಬಿಗೆ ಕೊಟ್ಬಿಡ್ತೀನಿ ಅಂದೆ. ಅವರೇ ಮುಗಿಸ್ಲಿ. ಮುಂದಿನ ತಿಂಗಳು ಒಂದು ಭಾನುವಾರ ಬಂದು ತಗೊಂಡು ಹೋಗ್ತಾರಂತೆ."

ಕ್ಲಬ್ಬಿನವರು ಮುಗಿಸಿದ ಹಡಗು ಯಾವ ಮೇಜಿನ ಮೇಲೆ ಕೂರುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಉಸಿರಾಡುತ್ತ ಕೂತಿರುವ ಮನುಷ್ಯ ತನ್ನನ್ನು ತಾನೇ ಆ ಬಾಗಿಲ ಪಕ್ಕದ ಮೇಜಿಗೆ ಕಳಿಸುತ್ತಿದ್ದಾರೆ. ಪಿತ್ತ ನೆತ್ತಿಗೇರಿತು. "ಬಿಳಿ ಹೂವೂ ನೀವೇ ತಂದಿಟ್ಬಿಡಿ!" ಎಂದು ಕೂಗಿ, ಕುಕ್ಕರನ್ನು ದಡಾರೆಂದು ಇಟ್ಟು, ಅವತ್ತು ರಾತ್ರಿ ಸಾರಿಗೆ ಉಪ್ಪು ಹಾಕುವುದನ್ನು ಮರೆತೆ. ಅವರು ಹಾಗೇ ಉಂಡರು.

ಹೀಗಿರುವಾಗ ನವರಾತ್ರಿ ಬಂತು. ಕಾಯ್‌ಚೋ ಬರುವ ಭಾನುವಾರವೂ ಅದೇ ವಾರದ ಕೊನೆಗೆ ಎಂದು ಗೊತ್ತಾಗಿತ್ತು. ಆಯುಧಪೂಜೆಗೆ ನಾನು ಪ್ರತಿ ವರ್ಷ ಆಫೀಸಿಗೆ ರಜೆ ಹಾಕುತ್ತೇನೆ. ಮೈಸೂರಿನವರು ಎಲ್ಲಿದ್ದರೇನು, ಆ ದಿನ ಬಿಡುವುದುಂಟೇ? ಅಪಾರ್ಟ್‌ಮೆಂಟಿನ ಸೈಕಲ್ ಸ್ಟ್ಯಾಂಡಿನಲ್ಲಿ ನನ್ನ ಸೈಕಲ್ಲಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಅದರ ಮೇಲೆ ಚಕ್ರ ಹತ್ತಿಸಿದೆ. ವಾಚ್‌ಮನ್ ತಾತ ನೋಡಿ, ಏನೋ ಗಂಭೀರವಾದದ್ದು ನಡೆಯುತ್ತಿದೆ ಎಂದು ಟೋಪಿ ತೆಗೆದು ನಿಂತರು. ಸೇವಂತಿಗೆ ಸೂಪರ್‌ಮಾರ್ಕೆಟ್ಟಿನಲ್ಲಿ ಧಾರಾಳ ಸಿಗುತ್ತದೆ, ಆದರೆ ಇಲ್ಲಿಯವರು ಅದನ್ನು ಕೊಳ್ಳುವುದು ಹೆಚ್ಚಾಗಿ ಸಮಾಧಿಗೆ ಇಡಲು. ಹಳದಿಯದನ್ನೇ ಆರಿಸಿ ತಂದೆ.

ಮಣೆ ಹಾಕಿ ಎಲ್ಲವನ್ನೂ ಸಾಲಾಗಿ ಜೋಡಿಸಿದೆ. ನನ್ನ ಲ್ಯಾಪ್‌ಟಾಪು, ಮಿಕ್ಸಿ, ಈಳಿಗೆಮಣೆ. ಆಮೇಲೆ ನಮ್ಮವರ ಡ್ರಾಯರ್ ಎಳೆದು ಅವರ ಸಾಮಾನೂ ತೆಗೆದೆ. ಚಿಮುಟ, ಅರ, ಸಣ್ಣ ಗರಗಸ, ಬೆರಳಲ್ಲಿ ತಿರುಗಿಸುವ ಡ್ರಿಲ್ಲು, ಬಣ್ಣ ಊದುವ ಯಂತ್ರ. ಆರು ತಿಂಗಳು ಯಾರೂ ಮುಟ್ಟದ ಸಾಮಾನು. ಒರೆಸಿ ಒರೆಸಿ ಇಟ್ಟೆ, ಒಂದೊಂದಕ್ಕೂ ಅರಿಶಿನ ಹಚ್ಚಿ ಕುಂಕುಮ ಇಟ್ಟೆ. ನಮ್ಮವರು ಒಳಗೆ ಮಲಗಿದ್ದರು. ಕೊನೆಗೆ ಆ ದುಪಟ್ಟಾ ತೆಗೆದೆ. ಹಡಗು ಬೇರೆಯವರ ಮನೆಗೆ ಹೋಗುತ್ತದೆ ಎಂದರೆ ಹಾಗೇ ಕಳಿಸುವುದುಂಟೇ? ಮನೆಯ ಹೆಣ್ಣುಮಗಳಿಗೆ ಇಟ್ಟ ಹಾಗೆ, ಅದರ ಮೂತಿಗೂ ಒದ್ದೆ ಅರಿಶಿನ ತೀಡಿ, ಅದರ ಮೇಲೆ ಕಾಸಿನಗಲ ಕುಂಕುಮ ಇಟ್ಟೆ. ಎಷ್ಟು ಲಕ್ಷಣವಾಗಿ ಕಂಡಿತು ಎಂದರೆ, ಕಣ್ಣಲ್ಲಿ ನೀರು ಬಂತು.

ಮಂಗಳಾರತಿಗೆ ನಮ್ಮವರು ಎದ್ದು ಬಂದರು. ಕೈ ಮುಗಿಯಲು ಎಡಗೈ ಎತ್ತಿದವರು ಅಲ್ಲೇ ನಿಂತರು.

"ಲೇ! ಏನೇ ಇದು?"

"ಏನು ಏನು? ಪೂಜೆ."

"ಮೂತಿಗೆ ಕುಂಕುಮ ಮೆತ್ತಿದ್ದೀಯಲ್ಲೇ! ಅದಕ್ಕಿನ್ನೂ ವಾರ್ನಿಷ್ ಹೊಡೆದಿಲ್ಲ ಕಣೇ! ಮ್ಯಾಟ್ ಪೇಂಟು, ಹಾಗೇ ಕುಡಿದುಬಿಡತ್ತೆ ಅದು!"

"ಲಾರಿಗೆ ಇಡ್ತಾರೆ, ಬಸ್ಸಿಗೆ ಇಡ್ತಾರೆ, ನಿಮ್ಮ ಹಡಗಿಗೇನು ಬಂತು ದೊಡ್ಡ ರೋಗ? ತಾಳಿ, ಒರೆಸಿದ್ರೆ ಹೋಗತ್ತೆ," ಎಂದು ನಾನು ಒದ್ದೆ ಬಟ್ಟೆ ತಂದು ಉಜ್ಜಿದೆ. ಹೋಗಲಿಲ್ಲ. ಕಾಸಿನಗಲ ಇದ್ದದ್ದು ಬೆರಳುದ್ದ ಆಯಿತು. ಬೂದುಬಣ್ಣದ ಮೂತಿಯೆಲ್ಲ, ಯಾರೋ ಮೂಗಿಗೆ ಗುದ್ದಿದ ಹಾಗೆ, ಕೆಂಪು.

"ಮುಟ್ಬೇಡ! ಮುಟ್ಬೇಡ ಅಂದೆ! ಅಯ್ಯೋ ರಾಮ, ಎರಡು ವಾರ ಬೇಕಾಯ್ತು ಕಣೇ ಆ ಬಣ್ಣಕ್ಕೆ. ಸರೀ ನೋಡ್ಕೊಂಡು ಸರೀ ನೋಡ್ಕೊಂಡು ಹೊಡೆದಿದ್ದೆ. ಆ ಥಿನ್ನರ್ ಎಲ್ಲಿ? ಹತ್ತಿ ಎಲ್ಲಿ? ಕೊಡಿಲ್ಲಿ ಆ ಅರ!"

ಇಪ್ಪತ್ತು ವರ್ಷದಲ್ಲಿ ಅವರು ನನ್ನ ಮೇಲೆ ಹಾಗೆ ರೇಗಿದ್ದೇ ಇಲ್ಲ. ಮುಖ ಕೆಂಪಗಾಗಿತ್ತು. ಎಡಗೈ ಚಾಚಿ ಮಣೆಯ ಮೇಲಿನ ಅರಕ್ಕೆ ಕೈ ಹಾಕಿದರು. ನಾನು ಮಣೆಗೆ ಅಡ್ಡ ನಿಂತೆ.

"ಏನ್ರೀ, ಪೂಜೆ ಮಾಡಿದ ಆಯುಧ ಇವತ್ತೇ ಮುಟ್ತೀರಾ? ನಿಮ್ಮಮ್ಮ ಹೇಳಿಕೊಟ್ಟಿಲ್ವಾ? ನಾಳೆ ವಿಜಯದಶಮಿ. ನಾಳೆ ಪೂಜೆ ಆದಮೇಲೆ ತೆಗೀರಿ."

"ಅಷ್ಟು ಹೊತ್ತಿಗೆ ಪೂರ್ತಿ ಒಳಗೆ ಇಳಿದುಹೋಗಿರತ್ತೆ ಕೆಂಪು!"

"ಇಳೀಲಿ."

ಅದು ಹಟಕ್ಕೆ ಆಡಿದ ಮಾತಲ್ಲ. ನಮ್ಮ ಮನೆಯಲ್ಲಿ ಆ ದಿನ ಅಪ್ಪ ಪೆನ್ನು ಕೂಡ ಮುಟ್ಟುತ್ತಿರಲಿಲ್ಲ. ಆದರೆ ಆಮೇಲೆ ನಡೆದದ್ದು ನೋಡಿ ನನಗೇ ಆಶ್ಚರ್ಯವಾಯಿತು. ಆರು ತಿಂಗಳು ಹಡಗಿನ ಕಡೆ ತಲೆ ಹಾಕದವರು ಆ ದಿನ ಪೂರ್ತಿ ಅದರ ಸುತ್ತಲೇ. ಬಾಲ್ಕನಿಯ ಕುರ್ಚಿ ಖಾಲಿ. ಬಂದು ಬಗ್ಗಿ ನೋಡುವುದು, "ಥತ್" ಎನ್ನುವುದು, ಹೋಗುವುದು, ಮತ್ತೆ ಬರುವುದು. "ನೀರು ಮುಟ್ಟಿಸ್ಬಾರದಿತ್ತು, ಒಣಗಲು ಬ್ರಷ್ಷಲ್ಲಿ ಉದುರಿಸ್ಬೇಕಿತ್ತು," ಎಂದು ಊಟದ ನಡುವೆ ಗೊಣಗಾಟ. "ಮುಟ್ಟೋ ಹಾಗಿದ್ದಿದ್ರೆ ಈಗಲೇ ತೆಗೆದುಬಿಡ್ತಿದ್ದೆ," ಎಂದು ಕಾಫಿಯ ಜೊತೆ ಇನ್ನೊಂದು ಸಲ. ನಾನು ಒಬ್ಬಟ್ಟಿಗೆ ತುಪ್ಪ ಹಾಕುತ್ತ ಮುಖ ಆ ಕಡೆ ತಿರುಗಿಸಿಕೊಂಡೆ. ನಗು ಬಂದುಬಿಟ್ಟರೆ ಕೆಲಸ ಕೆಡುತ್ತಿತ್ತು.

ವಿಜಯದಶಮಿಯ ಬೆಳಿಗ್ಗೆ ನಾನು ಏಳುವುದರೊಳಗೆ ಸ್ನಾನ ಮಾಡಿ ಮೇಜಿನ ಮುಂದೆ ಕೂತಿದ್ದರು. "ಬೇಗ ದೀಪ ಹಚ್ಚು," ಎಂದರು. ಆಫೀಸಿಗೆ ಹೊಟ್ಟೆನೋವು ಎಂದು ಮೆಸೇಜ್ ಹಾಕಿದೆ. ದೀಪ ಹಚ್ಚಿ, ಆಯುಧಗಳನ್ನು ಅಲ್ಲಾಡಿಸಿ, ಅರವನ್ನು ನಾನೇ ಅವರ ಎಡಗೈಗೆ ಕೊಟ್ಟೆ.

ಎಡಗೈಗೆ ಆ ಕೆಲಸ ಹೊಸದು. ಥಿನ್ನರಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದರು. ಕೆಂಪು ಸ್ವಲ್ಪ ಹೋಯಿತು, ಬೂದುಬಣ್ಣವೂ ಹೋಯಿತು. ಹಡಗು ಜಾರದಂತೆ ಬಲಗೈಯನ್ನು ಅದರ ಮೇಲೆ ಇಟ್ಟುಕೊಂಡಿದ್ದರು. ಆ ಬೆರಳುಗಳು ಹಿಡಿಯುತ್ತಿರಲಿಲ್ಲ, ಬರೀ ಭಾರ ಹಾಕಿಕೊಂಡು ಕೂತಿದ್ದವು. ಅರ ತೆಗೆದುಕೊಂಡು ಎರಡು ಸಲ ಎಳೆದರು. ಮೂರನೆಯ ಸಲಕ್ಕೆ ಬಲಗೈ ಜಾರಿತು. ಹಡಗು ಮೇಜಿನ ಮೇಲೆ ಸರ್ರನೆ ಓಡಿ ಕಾಫಿ ಲೋಟಕ್ಕೆ ಡಿಕ್ಕಿ ಹೊಡೆಯಿತು. ಮುಂದಿನ ಹೊಗೆಕೊಳವೆ ಕಿತ್ತು ನೆಲಕ್ಕೆ ಬಿತ್ತು.

ನಾನು ಬಗ್ಗಿ ಅದನ್ನು ಎತ್ತಿಕೊಂಡೆ.

"ನೋಡಿದ್ಯಾ? ಇದಕ್ಕೇ ಬೇಡ ಅಂದಿದ್ದು. ಭಾನುವಾರ ಕೊಟ್ಬಿಡೋಣ," ಎಂದು ಎದ್ದರು. ದನಿಯಲ್ಲಿ ಕೋಪವೂ ಇರಲಿಲ್ಲ. ಬಾಲ್ಕನಿಯ ಬಾಗಿಲು ಎಳೆದರು.

ನಾನು ಹಿಂದೆಯೇ ಹೋದೆ. ಜಗಳ ಆಡಲೆಂದೇ ಹೋದೆ, ಆದರೆ ಬಾಯಿಂದ ಬಂದದ್ದೇ ಬೇರೆ. "ನಂಗೆ ಭಯ ಆಗತ್ತೆ ರೀ," ಎಂದೆ. "ಕೈ ಹೋದ್ರೆ ಹೋಗ್ಲಿ. ನಿಮ್ಮ ಕೈಯಿಂದ ನಂಗೇನಾಗ್ಬೇಕಿತ್ತು? ನೀವು ಇದ್ದೂ ಇಲ್ಲದೋರ ಥರ ಈ ಕುರ್ಚೀಲಿ ಕೂತಿರ್ತೀರಲ್ಲ, ಅದು ನೋಡೋಕಾಗಲ್ಲ. ನಾನು ಆಫೀಸಿಂದ ಬರುವಾಗ ಸ್ಟೇಷನ್ನಿಂದ ಓಡಿ ಬರ್ತೀನಿ, ಗೊತ್ತಾ? ಬಾಗಿಲು ತೆಗೆಯೋವರೆಗೂ ಜೀವ ಇರಲ್ಲ ನಂಗೆ."

ಅವರು ರೈಲು ಹಳಿಯ ಕಡೆ ನೋಡುತ್ತಲೇ ಇದ್ದರು. ನಾನು ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. "ನಂಗೂ ಭಯಾನೇ ಕಣೇ," ಎಂದರು. "ಮುಟ್ಟಿದ್ರೆ ಗೊತ್ತಾಗ್ಬಿಡತ್ತಲ್ಲ, ಎಷ್ಟು ಉಳಿದಿದೆ ಅಂತ. ಮುಟ್ಟದೇ ಇದ್ರೆ ಗೊತ್ತಾಗಲ್ಲ." ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ, ಮಗುವನ್ನು ಕೊಡುವ ಹಾಗೆ, ನನ್ನ ಮಡಿಲಿಗೆ ಇಟ್ಟರು. ನಾನು ಅದನ್ನು ತಿಕ್ಕುತ್ತ ಕೂತೆ. ಬೆರಳ ಸಂದಿಯಲ್ಲಿ ಕುಂಕುಮ ಸೇರಿಕೊಂಡಿತ್ತು.

ಭಾನುವಾರ ಹೇಳಿದ ಹೊತ್ತಿಗೆ ಸರಿಯಾಗಿ ಕಾಯ್‌ಚೋ ಬಂದರು. ಕೈಯಲ್ಲಿ ನೀಲಿ ಬಟ್ಟೆಯಲ್ಲಿ ಗಂಟು ಕಟ್ಟಿದ ಪೆಟ್ಟಿಗೆ. ಅದನ್ನು ಚಪ್ಪಲಿ ಬಿಡುವ ಜಾಗದಲ್ಲೇ ಇಟ್ಟು, ಒಳಗೆ ಬಂದು ನಮಸ್ಕರಿಸಿ ಕೂತರು. ನಾನು ಕಾಫಿ, ಚಕ್ಕುಲಿ ತಂದಿಟ್ಟೆ. ಅವರು ಕನ್ನಡಕ ಬದಲಾಯಿಸಿಕೊಂಡು ಹಡಗನ್ನು ನೋಡಿದರು. ಕೊಳವೆ ಒಂದೇ ಉಳಿದಿತ್ತು, ಮೂತಿ ಅರ್ಧ ಕೆಂಪು ಅರ್ಧ ಬೋಳು.

"ಇದು ಏನು ಬಣ್ಣ?" ಎಂದು ಮೆಲ್ಲಗೆ ಕೇಳಿದರು.

ನನಗೆ ಬಂದಷ್ಟು ಜಪಾನಿಯಲ್ಲಿ ಹೇಳಿದೆ. ವರ್ಷಕ್ಕೊಂದು ದಿನ ನಮ್ಮ ಕೈಯ ಸಾಮಾನಿಗೆಲ್ಲ ಪೂಜೆ ಮಾಡುತ್ತೇವೆ, ಅವತ್ತು ಅವಕ್ಕೆ ರಜೆ ಕೊಡುತ್ತೇವೆ, ಈ ಕೆಂಪು ಅದರ ಗುರುತು, ವಾರ್ನಿಷ್ ವಿಷಯ ನನಗೆ ಗೊತ್ತಿರಲಿಲ್ಲ ಎಂದು. ಕಾಯ್‌ಚೋ ತಲೆಯಾಡಿಸುತ್ತ ಕೇಳಿದರು. ಅವರ ತಾಯಿ ಮುರಿದ ಸೂಜಿಗಳನ್ನು ಕೂಡಿಸಿಟ್ಟು, ವರ್ಷಕ್ಕೊಮ್ಮೆ ದೇವಾಲಯಕ್ಕೆ ಒಯ್ದು, ಮೆತ್ತನೆಯ ತೋಫುವಿಗೆ ಚುಚ್ಚಿ ಬರುತ್ತಿದ್ದರಂತೆ. ಜೀವನವೆಲ್ಲ ಗಟ್ಟಿ ಬಟ್ಟೆ ಚುಚ್ಚಿದವಕ್ಕೆ ಕೊನೆಗಾದರೂ ಮೆತ್ತಗಿರಲಿ ಎಂದು. ಹೇಳಿ ಮುಗಿಸಿ ಹಡಗಿಗೊಮ್ಮೆ ತಲೆ ಬಾಗಿಸಿದರು. ಆಮೇಲೆ ನಮ್ಮವರ ಕಡೆ ತಿರುಗಿ, "ಹಾಗಾದರೆ, ತೆಗೆದುಕೊಂಡು ಹೋಗಲೇ?" ಎಂದರು.

ನಾನು ಅಡುಗೆಮನೆಯ ಬಾಗಿಲಲ್ಲಿ ಸೆರಗಿನ ತುದಿ ಹಿಂಡುತ್ತ ನಿಂತಿದ್ದೆ. ಅವತ್ತು ಹಬ್ಬದ ಸೀರೆ ಉಟ್ಟಿದ್ದೆ. ಬೇಡ ಎನ್ನಿ, ಬೇಡ ಎನ್ನಿ ಎಂದು ಮನಸ್ಸಿನಲ್ಲೇ ಕೂಗುತ್ತಿದ್ದೆ. ಬಾಯಿ ಬಿಟ್ಟು ಹೇಳಲಿಲ್ಲ. ಜೀವನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು.

ನಮ್ಮವರು ಬಲಗೈಯನ್ನು ಮೆಲ್ಲಗೆ ಮೇಜಿನ ಮೇಲೆ ತಂದು ಹಡಗಿನ ಬೆನ್ನ ಮೇಲಿಟ್ಟರು. ಬೆರಳು ಮಡಿಸಲು ನೋಡಿದರು. ಎರಡು ಬೆರಳು ಒಂಚೂರು ಬಾಗಿದವು, ಉಳಿದವು ಇಲ್ಲ.

"ಮೂತಿ ಹಾಳಾಗಿದೆ," ಎಂದರು ಜಪಾನಿಯಲ್ಲಿ. "ಕೊಳವೆ ಬಿದ್ದಿದೆ. ಇಂಥಾದ್ದನ್ನು ನಿಮಗೆ ಹೇಗೆ ಕೊಡಲಿ? ಮೊದಲು ಇದನ್ನ ಸರಿ ಮಾಡ್ಬೇಕು. ಎಷ್ಟು ದಿನ ಆಗುತ್ತೋ ಗೊತ್ತಿಲ್ಲ. ಚೆನ್ನಾಗಿ ಬರಲ್ಲ ಅಂತ ಗೊತ್ತು. ನಿಮ್ಮನ್ನು ಸುಮ್ಮನೆ ಇಲ್ಲಿವರೆಗೆ ಬರೋ ಹಾಗೆ ಮಾಡಿದೆ, ಸುಮಿಮಾಸೆನ್."

ಕಾಯ್‌ಚೋ ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡರು. ಅದನ್ನು ಪೂರ್ತಿ ಅಗಿದು ನುಂಗಿದ ಮೇಲೆ ಹೇಳಿದರು: "ಪ್ರದರ್ಶನದಲ್ಲಿ ಕಿಟಕಿ ಪಕ್ಕದ ಮೇಜಿನಲ್ಲಿ ಜಾಗ ಇಡುತ್ತೇನೆ. ಮುಗಿಯದಿದ್ದರೆ 'ಕಟ್ಟುತ್ತಿದ್ದಾರೆ' ಎಂದು ಚೀಟಿ ಬರೆದಿಡೋಣ. ನಮ್ಮಲ್ಲಿ ಅರ್ಧ ಜನ ಹಾಗೇ ಇಡುತ್ತಾರೆ. ನಾನು ಮೂರು ವರ್ಷದಿಂದ ಒಂದನ್ನೇ ಇಡುತ್ತಿದ್ದೇನೆ."

ಲಿಫ್ಟಿನವರೆಗೆ ಕಳಿಸಿಕೊಡಲು ನಾನು ಅವರ ಜೊತೆ ಹೊರಟೆ. ಬಾಗಿಲ ಬಳಿ ಇಟ್ಟಿದ್ದ ಪೆಟ್ಟಿಗೆಯನ್ನು ನಾನೇ ಎತ್ತಿಕೊಂಡೆ. ಹಗುರವಾಗಿತ್ತು. ಬಟ್ಟೆಯ ಗಂಟು ಸಡಿಲಾಗಿ ಒಳಗಿನದು ಕಂಡಿತು. ಅಂಗಡಿಯವರು ಸಿಹಿ ತಿಂಡಿ ತುಂಬಿಕೊಡುವ ರಟ್ಟಿನ ಡಬ್ಬಿ. ನನ್ನ ಎರಡು ಅಂಗೈ ಜೋಡಿಸಿದರೆ ಮುಗಿಯಿತು ಅದರ ಉದ್ದ. ಒಂದು ಮೊಳದ ನಮ್ಮ ಹಡಗು ಅರ್ಧ ಹೊರಗೇ ಉಳಿಯುತ್ತಿತ್ತು. ಇದೇ ಹಡಗನ್ನು ಕ್ಲಬ್ಬಿನಲ್ಲಿ ಎಷ್ಟೋ ಸಲ ಕೈಯಲ್ಲಿ ಹಿಡಿದು, ಕಣ್ಣಿಗೆ ಭೂತಗನ್ನಡಿ ಇಟ್ಟು ನೋಡಿದ್ದ ಮನುಷ್ಯ!

"ಕಾಯ್‌ಚೋ," ಎಂದೆ. "ಇದರಲ್ಲಿ ಹಡಗು ಹಿಡಿಯಲ್ಲ."

ಅವರು ಡಬ್ಬಿಯನ್ನು ಅತ್ತಿತ್ತ ತಿರುಗಿಸಿ ನೋಡಿದರು. "ಅರೆ! ಚಿಕ್ಕದಾಯಿತಲ್ಲ, ಓಕುಸಾನ್," ಎಂದರು. ಮನೆಯೊಡತಿಯನ್ನು ಹಾಗೇ ಕರೆಯುತ್ತಾರೆ. "ವಯಸ್ಸಾಯಿತು ನೋಡಿ, ಅಂದಾಜು ತಪ್ಪುತ್ತದೆ." ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಲಿಫ್ಟಿನೊಳಗೆ ನಿಂತು ಆಳವಾಗಿ ಬಾಗಿದರು, ಬಾಗಿಲು ಮುಚ್ಚುವವರೆಗೂ ಬಾಗಿಯೇ ಇದ್ದರು.

ನಾನು ಗೋಡೆಗೆ ಒರಗಿಕೊಂಡೆ. ಪಕ್ಕದ ಮನೆಯವರು ಬಂದರೆ ಏನಂದುಕೊಳ್ಳುತ್ತಾರೋ ಎಂದು ಕೂಡ ಅನ್ನಿಸದಷ್ಟು ಅಳು ಬಂತು. ಅಷ್ಟರಲ್ಲಿ ಒಳಗಿನಿಂದ ನಮ್ಮವರ ಕೂಗು. ಕುರ್ಚಿ ಎಳೆದ ಸದ್ದು, ಡ್ರಾಯರ್ ತೆಗೆದ ಸದ್ದು.

"ಲೇ, ಎಲ್ಲಿ ಹೋದೆ? ಬಾರೇ ಇಲ್ಲಿ. ಈ ಕೊಳವೆ ಹಿಡಿಯೋಕೆ ನಂಗೆ ಆಗಲ್ಲ. ನೀನು ಹಿಡ್ಕೋ, ನಾನು ಅಂಟು ಹಾಕ್ತೀನಿ."

ಮಳೆಗಾಲದಿಂದ 'ಆಗಲ್ಲ' ಎನ್ನುವ ಮಾತು ಕೇಳಿ ಕೇಳಿ ನನ್ನ ಕಿವಿ ಸೋತಿತ್ತು. ಅದರ ಹಿಂದೆ 'ನೀನು ಹಿಡ್ಕೋ' ಎಂದು ಅವರು ಸೇರಿಸಿದ್ದು ಅದೇ ಮೊದಲು.

"ಬಂದೆ ರೀ, ಬಂದೆ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಓಡಿದೆ.